ವಲಸೆ ಮತ್ತು ಮಲೇರಿಯಾ: ನಗರದಲ್ಲಿ ರೋಗದ ಜಾಡು ಹಿಡಿಯುವುದು ಹೇಗೆ?

ನಗರದಲ್ಲಿ ಮಲೇರಿಯಾ ಕಾಣಿಸಿಕೊಂಡರೆ ಸಾಕು, 'ಹೊರಗಿನಿಂದ ಬಂದವರು ತಂದರು' ಎಂಬ ಮಾತು ಶುರುವಾಗುತ್ತದೆ. ರೋಗಾಣು ಮನುಷ್ಯರ ರಕ್ತದಲ್ಲಿ ಊರೂರು ಸುತ್ತುವುದು ನಿಜ. ಆದರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಅದಕ್ಕೆ ಅನಾಫಿಲಿಸ್ ಹೆಣ್ಣು ಸೊಳ್ಳೆ ಬೇಕು. ಆ ಸೊಳ್ಳೆಗೆ ಜಾಗ ಕೊಟ್ಟಿರುವುದು ನಗರವೇ ಅಲ್ವಾ?

ಮೊದಲ ಹೆಜ್ಜೆ, ರೋಗಿಯ ಓಡಾಟ ತಿಳಿಯುವುದು. ಎಲ್ಲಿ ಕೆಲಸ ಮಾಡಿದರು, ಊರಿಗೆ ಯಾವಾಗ ಹೋಗಿದ್ದರು, ರಾತ್ರಿ ಎಲ್ಲಿ ಮಲಗಿದ್ದರು? ಕೊನೆಯ ಪ್ರಶ್ನೆಯನ್ನು ಬಿಡಲೇಬಾರದು. ಈ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಮಲೇರಿಯಾ ರೋಗಾಣುವಿನಲ್ಲಿ ಫಾಲ್ಸಿಪೇರಂ, ವೈವ್ಯಾಕ್ಸ್ ಎಂಬ ಎರಡು ಮುಖ್ಯ ಬಗೆಗಳಿವೆ. ಫಾಲ್ಸಿಪೇರಂ ಆದರೆ ಸಾಮಾನ್ಯವಾಗಿ ಕಚ್ಚಿದ 7ರಿಂದ 14 ದಿನಗಳಲ್ಲಿ ಜ್ವರ ಬರುತ್ತದೆ. ವೈವ್ಯಾಕ್ಸ್ ಹಾಗಲ್ಲ, ಲಿವರ್‌ನಲ್ಲಿ ತಿಂಗಳುಗಟ್ಟಲೆ ಅಡಗಿ ಕೂತು ಮತ್ತೆ ಏಳಬಲ್ಲದು. ಅದಕ್ಕೆ ವರ್ಷದ ಹಿಂದಿನ ಓಡಾಟವನ್ನೂ ಕೇಳಬೇಕು.

ಜ್ವರ ಬಂದವರನ್ನಷ್ಟೇ ಪರೀಕ್ಷಿಸಿದರೆ ಸಾಲದು. ಮಲೇರಿಯಾ ಜಾಸ್ತಿ ಇರುವ ಕಡೆ ಬೆಳೆದವರಲ್ಲಿ ಸ್ವಲ್ಪ ನಿರೋಧಶಕ್ತಿ ಇರುತ್ತದೆ. ಮೈ ಬೆಚ್ಚಗಾಗದೆಯೂ ರಕ್ತದಲ್ಲಿ ರೋಗಾಣು ಇರಬಹುದು. ನಗರದಲ್ಲೇ ಹುಟ್ಟಿ ಬೆಳೆದವರಿಗೆ ಆ ಶಕ್ತಿಯಿಲ್ಲ. ಅವರು ನಾಲ್ಕು ದಿನ ಅಂಥ ಕಡೆ ಹೋಗಿ ಬಂದರೂ ಜೋರಾಗಿ ಕಾಯಿಲೆ ಬೀಳಬಹುದು.

ಇನ್ನು ನೀರು ಹುಡುಕಿ. ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮುಚ್ಚಳವಿಲ್ಲದ ಟ್ಯಾಂಕ್, ಸಂಪ್, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಆಫ್ರಿಕಾದ ಜಿಬೂಟಿಯಲ್ಲಿ ಈ ಸೊಳ್ಳೆ 2012ರಲ್ಲಿ ಪತ್ತೆಯಾಯಿತು. ಆ ವರ್ಷ ಅಲ್ಲಿದ್ದದ್ದು ಕೇವಲ 27 ಪ್ರಕರಣ. 2020ರಲ್ಲಿ 73 ಸಾವಿರ ದಾಟಿತು. ಅದು ಬಂದರು ದೇಶ, ಜನ ಮೊದಲಿನಿಂದಲೂ ಬಂದು ಹೋಗುತ್ತಿದ್ದರು. ಹೊಸದಾಗಿ ಬಂದದ್ದು ಸೊಳ್ಳೆ. ಹಾಗಾಗಿ ಟ್ಯಾಂಕ್‌ಗಳನ್ನು ಬಿಗಿಯಾಗಿ ಮುಚ್ಚಿ. ಚಿಕ್ಕ ತೊಟ್ಟಿ, ಡ್ರಮ್‌ಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ.

ಚಿಕಿತ್ಸೆಯಲ್ಲಿ ಎಡವುವುದು ಜನ ಕೆಲಸ ಹುಡುಕಿ ಬೇರೆಡೆ ಹೊರಟಾಗ. ವೈವ್ಯಾಕ್ಸ್ ಲಿವರ್‌ನಿಂದ ಹೋಗಲು ಪ್ರೈಮಾಕ್ವಿನ್ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನ ನುಂಗಬೇಕು. ಇದು ಎಲ್ಲರಿಗೂ ಒಗ್ಗುವ ಔಷಧವಲ್ಲ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದೆಯೇ ಎಂದು ಮೊದಲು ನೋಡಬೇಕು, ಗರ್ಭಿಣಿಯರಿಗೆ ಕೊಡುವಂತಿಲ್ಲ. ಹೊರಡುವವರ ಕೈಗೆ ಉಳಿದ ಮಾತ್ರೆ, ಚಿಕಿತ್ಸೆಯ ಚೀಟಿ ಎರಡನ್ನೂ ಕೊಡಿ. ಪರೀಕ್ಷೆಯನ್ನು ಕೆಲಸದ ಜಾಗದಲ್ಲೇ, ಸಂಜೆ ಹೊತ್ತು ಇಡಿ. ದಿನದ ಕೂಲಿ ಹೋಗುತ್ತದೆ, ಗುರುತಿನ ಕಾಗದ ಕೇಳುತ್ತಾರೆ ಎಂಬ ಭಯವಿದ್ದರೆ ಜ್ವರ ಬಂದವರು ಹೇಳಿಕೊಳ್ಳುವುದೇ ಇಲ್ಲ.