ಸೇನೆಯ ಹಳೆ ಜನರೇಟರಿನ ಓವರ್‌ಲೋಡ್ ದೀಪ: ದೋಷ ಹಿಡಿದ ಬಗೆ

ಎಂಜಿನ್ ಒಂದೇ ಸಮನೆ ಓಡುತ್ತಿದೆ. ಹೊಗೆಯಿಲ್ಲ, ಸದ್ದು ಬದಲಾಗಿಲ್ಲ. ಆದರೆ ಲೋಡಿಗೆ ಹೋಗುವ ಕರೆಂಟು ಕಡಿದಿದೆ, ಪ್ಯಾನೆಲ್‌ನಲ್ಲಿ ಓವರ್‌ಲೋಡ್ ದೀಪ ಹತ್ತಿಕೊಂಡಿದೆ. ಅಮೆರಿಕದ ಸೇನೆ ಬಳಸಿ ವಿಲೇವಾರಿ ಮಾಡಿದ ಎಂಇಪಿ-803ಎ ಸೆಟ್ಟನ್ನು ಮೊದಲ ಸಲ ಪೂರ್ತಿ ಕೆಲಸಕ್ಕೆ ಹಚ್ಚಿದ ದಿನ ನಾನು ಕಂಡದ್ದು ಇಷ್ಟು. ದೋಷ ತೀರುವ ಹೊತ್ತಿಗೆ ಗೊತ್ತಾದದ್ದು, ಅದೇ ದೀಪದ ಹಿಂದೆ ಎರಡು ಬೇರೆ ಬೇರೆ ಕಾರಣಗಳಿದ್ದವು ಅಂತ. ಒಂದು ನಿಜವಾದ ಓವರ್‌ಲೋಡ್, ಇನ್ನೊಂದು ಸುಳ್ಳು.

ಯಂತ್ರ ಗಟ್ಟಿಮುಟ್ಟಾದದ್ದು. ನಾಲ್ಕು ಸಿಲಿಂಡರಿನ, ನೀರಿನಿಂದ ತಣಿಯುವ ಲಿಸ್ಟರ್ ಪೆಟ್ಟರ್ ಡೀಸೆಲ್ ಎಂಜಿನ್, ನಿಮಿಷಕ್ಕೆ 1800 ಸುತ್ತು, 60 ಹರ್ಟ್ಸ್. ಸ್ಟಾರ್ಟಿಂಗ್ ಮತ್ತು ಕಂಟ್ರೋಲ್ ಎಲ್ಲ 24 ವೋಲ್ಟ್ ಡಿಸಿ, ಅದಕ್ಕೆ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸಿನಲ್ಲಿ. ಸಾಮರ್ಥ್ಯ 10 ಕಿಲೋವ್ಯಾಟ್, ಅದೂ 0.8 ಪವರ್ ಫ್ಯಾಕ್ಟರಿನಲ್ಲಿ (ಹರಿಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು). ಈ 0.8ನ್ನು ಮರೆತರೆ ಓವರ್‌ಲೋಡಿನ ಲೆಕ್ಕ ಬಿಡಿಸಲಾಗದು. 10 ಕಿಲೋವ್ಯಾಟನ್ನು 0.8ರಿಂದ ಭಾಗಿಸಿದರೆ 12.5 ಕೆವಿಎ (ವೋಲ್ಟ್ ಮತ್ತು ಆಂಪಿಯರ್ ಗುಣಿಸಿದ ಲೆಕ್ಕ, ಸಾವಿರಗಳಲ್ಲಿ). ಅಂದರೆ 240 ವೋಲ್ಟ್ ಸಿಂಗಲ್ ಫೇಸಿನಲ್ಲಿ 52 ಆಂಪಿಯರ್, 120 ವೋಲ್ಟಿನಲ್ಲಿ 104, 208 ವೋಲ್ಟಿನ ಮೂರು ಫೇಸಿನಲ್ಲಿ ಒಂದೊಂದಕ್ಕೆ ಸುಮಾರು 35. ಓವರ್‌ಲೋಡ್ ರಿಲೇ, ಅಂದರೆ ಲೋಡು ಮಿತಿ ಮೀರಿದಾಗ ಕರೆಂಟು ಕಡಿಸುವ ಸಾಧನ, ನೋಡುವುದು ಈ ಆಂಪಿಯರನ್ನು, ಕಿಲೋವ್ಯಾಟನ್ನಲ್ಲ. ಹೀಟರಿನಂಥ ಲೋಡು ಹಾಕಿದರೆ 42 ಆಂಪಿಯರಿಗೇ ಎಂಜಿನ್ನಿನ 10 ಕಿಲೋವ್ಯಾಟ್ ಮುಗಿಯುತ್ತದೆ, ಆಗ ಪ್ಯಾನೆಲ್‌ನ ಆಮೀಟರ್ 52 ಆಂಪಿಯರಿನ ಶೇಕಡಾ 80 ತೋರಿಸುತ್ತಿರುತ್ತದೆ. ಮೋಟಾರುಗಳೇ ಹೆಚ್ಚಿದ್ದರೆ ಎಂಜಿನ್ ಸುಸ್ತಾಗುವ ಮೊದಲೇ ಆಂಪಿಯರ್ ಮಿತಿ ಮುಟ್ಟಬಹುದು. ಕಪ್ಪು ಹೊಗೆ ಬಂದು, ಫ್ರೀಕ್ವೆನ್ಸಿ ಕುಸಿದರೆ ಅದು ಎಂಜಿನ್ನಿನ ಓವರ್‌ಲೋಡ್. ಎಂಜಿನ್ ಆರಾಮಾಗಿರುವಾಗ ಕಾಂಟ್ಯಾಕ್ಟರ್ (ಲೋಡಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್) ಬಿಟ್ಟುಕೊಂಡರೆ ಆಂಪಿಯರ್ ಕಡೆ ನೋಡಬೇಕು.

ಮೊದಲ ದಿನ ನಾನು ಸರಿಯಾಗಿ ನೋಡಲಿಲ್ಲ. ಆಮೀಟರ್ ಮುಳ್ಳು ಶೇಕಡಾ 17ರಲ್ಲಿತ್ತು. ಇಷ್ಟು ಕಡಿಮೆ ಲೋಡಿಗೆ ಟ್ರಿಪ್ ಆಗುತ್ತಿದೆ ಅಂದರೆ ರಿಲೇ ಸತ್ತಿದೆ ಎಂದು ತೀರ್ಮಾನಿಸಿ ಹೊಸದನ್ನು ತರಿಸಿದೆ. ಹಾಕಿದ ಮೇಲೂ ಅದೇ ಕತೆ.

ಆಮೇಲೆ ತಂತಿಯನ್ನು ಸುತ್ತಿ ಕಚ್ಚಿ ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಹೊರಹೋಗುವ ಒಂದೊಂದೇ ತಂತಿ ಅಳೆದೆ. ಲೈನ್ 1ರಲ್ಲಿ 58 ಆಂಪಿಯರ್, ಲೈನ್ 2ರಲ್ಲಿ 9. ಒಟ್ಟು ಲೋಡು 8 ಕಿಲೋವ್ಯಾಟಷ್ಟೆ, ಆದರೆ 120 ವೋಲ್ಟಿನ ಸರ್ಕ್ಯೂಟುಗಳೆಲ್ಲ ಒಂದೇ ಲೈನಿನ ಮೇಲೆ ಕೂತಿದ್ದವು. 58 ಅಂದರೆ ಒಂದು ಲೈನಿನ 52 ಆಂಪಿಯರ್ ಮಿತಿಯ ಶೇಕಡಾ 112. ಪ್ಯಾನೆಲ್‌ನಲ್ಲಿ ಯಾವ ಲೈನಿನ ಕರೆಂಟು ನೋಡಬೇಕೆಂದು ಆರಿಸುವ ಸ್ವಿಚ್ ಇದೆ, ಅದು ಲೈನ್ 2ರಲ್ಲಿ ನಿಂತಿತ್ತು. ರಿಲೇ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಹಂಚಿಕೆ ಪೆಟ್ಟಿಗೆಯಲ್ಲಿ ಬ್ರೇಕರುಗಳನ್ನು ಅದಲುಬದಲು ಮಾಡಿ ಎರಡೂ ಲೈನಿಗೆ ಹೆಚ್ಚುಕಡಿಮೆ ಸಮ ಲೋಡು ತಂದೆ. ಈಗ ಯಾವ ಸೆಟ್ಟಿಗೆ ಓವರ್‌ಲೋಡ್ ಬಂದರೂ ಆ ಸ್ವಿಚ್ಚನ್ನು ಒಂದು ಸುತ್ತು ತಿರುಗಿಸಿ ಎಲ್ಲ ಲೈನು ಓದಿದ ಮೇಲೇ ನನ್ನ ಕೈ ಸ್ಕ್ರೂಡ್ರೈವರಿಗೆ ಹೋಗುವುದು.

ಲೋಡು ಹಂಚಿದ ಮೇಲೂ ಟ್ರಿಪ್ ನಿಲ್ಲಲಿಲ್ಲ. ಕಡಿಮೆಯಾಯಿತು, ಅಷ್ಟೆ. ನೀರಿನ ಪಂಪಿನ ಮೋಟಾರು ಶುರುವಾಗುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಅದೇ ಇರಬಹುದೆಂದು ಅದನ್ನೂ ಬಿಡಿಸಿ ಪಕ್ಕಕ್ಕಿಟ್ಟೆ. ಪರೀಕ್ಷೆಗೆ ಮೋಟಾರು ಕೂಡದು. ಅದು ಒಮ್ಮೆ ಒಂದು ಥರ ಎಳೆಯುತ್ತದೆ, ಇನ್ನೊಮ್ಮೆ ಇನ್ನೊಂದು ಥರ. ಬದಲಿಗೆ 240 ವೋಲ್ಟಿನ, 2 ಕಿಲೋವ್ಯಾಟಿನ ಐದು ಹೀಟರುಗಳನ್ನು ಜೋಡಿಸಿಕೊಂಡೆ. ಒಂದೊಂದು ಹೀಟರಿಗೆ 8.3 ಆಂಪಿಯರ್, ಎರಡೂ ಲೈನಿನಲ್ಲಿ ಸಮ.

ಎರಡು ಹೀಟರ್ ಹಾಕಿದೆ. ಕ್ಲಾಂಪ್ ಮೀಟರಿನಲ್ಲಿ 16.7 ಆಂಪಿಯರ್, ಪ್ಯಾನೆಲ್ ಆಮೀಟರಿನಲ್ಲಿ ಶೇಕಡಾ 32ರ ಹತ್ತಿರ. ಎರಡೂ ತಾಳೆಯಾದವು. ಹನ್ನೆರಡು ನಿಮಿಷಕ್ಕೆ ಟ್ರಿಪ್, ದೀಪ ಹತ್ತಿತು.

ಈ ತಾಳೆ ಬಹಳ ಮುಖ್ಯ ಎನ್ನಿಸಿತು. ಆಮೀಟರಿಗೆ ಸುದ್ದಿ ಹೋಗುವುದು ತಂತಿಯ ಕರೆಂಟನ್ನು ಅಳತೆಗೆ ಇಳಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರುಗಳಿಂದ. ಅದು ಸರಿಯಾಗಿ ಓದುತ್ತಿದ್ದರೆ ಅಲ್ಲಿಯವರೆಗೆ ದೋಷವಿಲ್ಲ ಎಂದಾಯಿತು. (ಎಂಜಿನ್ ಓಡುವಾಗ ಆ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ತಂತಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ, ತೆರೆದ ತುದಿಯಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಏರಬಹುದು.) ದೀಪ ಹತ್ತದೆ ಬರೀ ಕಾಂಟ್ಯಾಕ್ಟರ್ ಬಿಟ್ಟಿದ್ದರೆ ಅದರ ಕಾಯಿಲ್ ವೈರಿಂಗನ್ನು ಹುಡುಕುತ್ತಿದ್ದೆ. ದೀಪ ಹತ್ತಿದೆ, ಅಂದರೆ ತೀರ್ಪು ಕೊಟ್ಟದ್ದು ರಿಲೇಯೇ. ಹೊಸ ರಿಲೇಯೇ ಇಂಥ ತಪ್ಪು ತೀರ್ಪು ಕೊಡುತ್ತಿದ್ದರೆ ತಪ್ಪು ಬಹುಶಃ ರಿಲೇಯದ್ದಲ್ಲ, ಅದಕ್ಕೆ ಸಿಗುವ ಡಿಸಿ ಸಪ್ಲೈ ಅಥವಾ ಅದು ಕೂರುವ ಕನೆಕ್ಟರಿನದ್ದು.

ಎಂಜಿನ್ ನಿಲ್ಲಿಸಿ ಬ್ಯಾಟರಿ ನೆಗೆಟಿವಿನಿಂದ ಕನೆಕ್ಟರಿನ ನೆಗೆಟಿವ್ ಪಿನ್ನಿಗೆ ಓಮ್ ಅಳೆದೆ, ಎಲ್ಲವೂ ಚೆನ್ನಾಗಿಯೇ ಕಂಡಿತು. ಇಲ್ಲಿ ತುಂಬ ಜನ ಮೋಸಹೋಗುತ್ತಾರೆ. ಅಲುಗಾಡದೆ ನಿಂತ ಯಂತ್ರದಲ್ಲಿ ಸಡಿಲ ಜೋಡಣೆಯೂ ಚೆನ್ನಾಗಿರುವಂತೆ ತೋರುತ್ತದೆ. ಹಾಗಾಗಿ ಮೀಟರಿನ ಎರಡು ತುದಿಗಳನ್ನೂ ಎಂಜಿನ್ ನಿಂತಿರುವಾಗಲೇ ಕ್ಲಿಪ್ ಹಾಕಿ ಕಚ್ಚಿಸಿ, ತಂತಿಯನ್ನು ಹೊರಗೆ ತಂದು, ಬಾಗಿಲು ಮುಚ್ಚಿ, ಡಿಸಿ ವೋಲ್ಟಿಗೆ ಇಟ್ಟು ಚಾಲೂ ಮಾಡಿದೆ. ಒಳಗೆ ಕೈ ಇಟ್ಟುಕೊಂಡು ಅಳೆಯುವ ಜಾಗವಲ್ಲ ಅದು, ಪಕ್ಕದಲ್ಲೇ 240 ವೋಲ್ಟ್ ಇರುತ್ತದೆ. ಸೊನ್ನೆಯ ಹತ್ತಿರ ಇರಬೇಕಾದ ಕಡೆ 1.6 ವೋಲ್ಟ್ ತೋರಿಸಿತು, ಅದೂ ಎಂಜಿನ್ನಿನ ನಡುಕದ ಜೊತೆ ಏರಿಳಿಯುತ್ತ. ಎಲೆಕ್ಟ್ರಾನಿಕ್ ರಿಲೇ ತನಗೆ ಬಂದ ಸುದ್ದಿಯನ್ನು ಒಂದು ಗೊತ್ತಾದ ವೋಲ್ಟೇಜಿನ ಜೊತೆ ಹೋಲಿಸುತ್ತದೆ. ಕಾಲಡಿಯ ನೆಲವೇ ಅಲುಗುತ್ತಿದ್ದರೆ ಆ ಹೋಲಿಕೆ ಸರಿಯಾಗುವುದು ಹೇಗೆ?

ಬ್ಯಾಟರಿ ನೆಗೆಟಿವ್ ತೆಗೆದು ಬಿಚ್ಚಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಹೆಣ್ಣು ಪಿನ್ನೊಂದು ಬಾಯಿ ಅಗಲಿಸಿಕೊಂಡು ಸಡಿಲವಾಗಿತ್ತು. ಅರ್ಥ್ ಬೋಲ್ಟಿನ ಅಡಿ ಇನ್ನೂ ಕೆಟ್ಟದಿತ್ತು: ತಂತಿಯ ರಿಂಗನ್ನು ಯಾರೋ ಬಣ್ಣದ ಮೇಲೆಯೇ ಕೂರಿಸಿ ಬಿಗಿದಿದ್ದರು. ಬಣ್ಣ ಕೆರೆದು ಬರಿ ಲೋಹ ಕಾಣಿಸಿ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಅಗಲಿದ ಬಾಯನ್ನು ಸೂಜಿಮೊನೆಯಿಂದ ಒತ್ತಿ ಬಿಗಿ ಮಾಡಿದೆ. ಬೇಕೆಂದೇ ಹಳೆ ರಿಲೇಯನ್ನೇ ವಾಪಸ್ ಹಾಕಿದೆ. ಅದು ನಿರಪರಾಧಿ ಹೌದೋ ಅಲ್ಲವೋ ತಿಳಿಯಬೇಕಿತ್ತು.

ನಡುವೆ ಒಬ್ಬರು, ಅಷ್ಟೆಲ್ಲ ಒದ್ದಾಟ ಯಾಕೆ, ಬ್ಯಾಟಲ್ ಶಾರ್ಟ್ ಸ್ವಿಚ್ ಹಾಕಿಬಿಡಿ ಎಂದರು. ಆ ಸ್ವಿಚ್ ಇರುವುದು ಯುದ್ಧದ ಹೊತ್ತಿಗೆ. ಯಂತ್ರ ಸುಟ್ಟರೂ ಚಿಂತೆಯಿಲ್ಲ, ಕರೆಂಟು ಹೋಗಬಾರದು ಎನ್ನುವ ಸಂದರ್ಭದಲ್ಲಿ ಅದು ಬಹುತೇಕ ರಕ್ಷಣೆಗಳನ್ನು ಬದಿಗೆ ಸರಿಸುತ್ತದೆ. ನನ್ನ ಕೆಲಸ ಅಂಥದ್ದಲ್ಲ. ಮೊದಲ ದಿನ ಅದನ್ನು ಹಾಕಿದ್ದರೆ 58 ಆಂಪಿಯರ್ ಆ ವೈಂಡಿಂಗಿನಲ್ಲಿ ಗಂಟೆಗಟ್ಟಲೆ ಹರಿಯುತ್ತಿತ್ತು.

ಮತ್ತೆ ಅದೇ ಅಳತೆ. 1.6 ಇದ್ದದ್ದು 0.04 ವೋಲ್ಟಿಗೆ ಇಳಿದು ಅಲ್ಲಾಡದೆ ನಿಂತಿತು. ಹೀಟರುಗಳನ್ನು ಒಂದೊಂದಾಗಿ, ಇಪ್ಪತ್ತು ನಿಮಿಷಕ್ಕೊಂದರಂತೆ ಸೇರಿಸುತ್ತ ಹೋದೆ. ಐದನೆಯದಕ್ಕೆ 41 ಆಂಪಿಯರ್ ದಾಟಿತು, ಫ್ರೀಕ್ವೆನ್ಸಿ 60ರ ಆಸುಪಾಸಿನಲ್ಲೇ ಉಳಿಯಿತು. ಹಾಗೆಯೇ ಎರಡು ಗಂಟೆ ಓಡಿಸಿದೆ, ದೀಪ ಹತ್ತಲಿಲ್ಲ. ಮರುದಿನ ಪಂಪಿನ ಮೋಟಾರನ್ನು ಸೇರಿಸಿ ಹತ್ತು ಸಲ ಆನ್ ಆಫ್ ಮಾಡಿದೆ, ಕಾಂಟ್ಯಾಕ್ಟರ್ ಕದಲಲಿಲ್ಲ. ಹೊಸ ರಿಲೇ ಸ್ಪೇರ್ ಪೆಟ್ಟಿಗೆಯಲ್ಲಿದೆ. ಉಳಿದ ಅರ್ಥ್ ಬೋಲ್ಟುಗಳನ್ನೂ ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದೇನೆ. ಇನ್ನೂ ಎರಡರ ಅಡಿಯಲ್ಲಿ ಬಣ್ಣ ಸಿಕ್ಕಿದೆ.