ಟೈಪ್ 1 ಡಯಾಬಿಟಿಸ್‌ಗೆ ಸೆಲ್ ಕಸಿ: ಆಸೆ ಪಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ರಾತ್ರಿ ಎರಡೂವರೆಗೆ ಅಲಾರಂ ಇಟ್ಟುಕೊಂಡು ಏಳುವುದು, ಮಲಗಿರುವ ಮಗಳ ಬೆರಳು ಚುಚ್ಚಿ ಶುಗರ್ ನೋಡುವುದು ನನಗೆ ಆರು ವರ್ಷದ ಅಭ್ಯಾಸ. ಹೋದ ತಿಂಗಳು ಒಂದು ರಾತ್ರಿ ಮೀಟರ್ 46 ತೋರಿಸಿತು, ಅಪಾಯ ಅನ್ನುವಷ್ಟು ಕಡಿಮೆ. ಬೆವರಿಗೆ ದಿಂಬು ಒದ್ದೆಯಾಗಿತ್ತು, ಅವಳಿಗೆ ಎಚ್ಚರವೇ ಆಗಿರಲಿಲ್ಲ. ಎಬ್ಬಿಸಿ ಕೂರಿಸಿ ಗ್ಲೂಕೋಸ್ ನೀರು ಕುಡಿಸಿದೆ. ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿದಾಗ 92. ಅವಳು ನಿದ್ದೆ ಹೋದಳು, ನನಗೆ ಬೆಳಗಿನವರೆಗೂ ಕಣ್ಣು ಮುಚ್ಚಲಾಗಲಿಲ್ಲ.

ಇಂಥ ಮನೆಗೆ ‘ಒಂದೇ ಇಂಜೆಕ್ಷನ್, ಇನ್ಸುಲಿನ್‌ಗೆ ವಿದಾಯ’ ಎಂಬ ಸೆಲ್ ಕಸಿಯ ವಿಡಿಯೋ ಬಂದರೆ ಹೇಗಾಗುತ್ತದೆ ಹೇಳಿ. ನಮ್ಮ ಭಾವ ಕಳಿಸಿದ್ದರು. ಮಗಳು ಎರಡು ಸಲ ನೋಡಿ, “ಅಮ್ಮಾ, ಇದು ನಿಜಾನಾ?” ಅಂದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿದ್ದು, ವೈದ್ಯರನ್ನು ಕೇಳಿ ತಿಳಿದುಕೊಂಡಿದ್ದು ಇಲ್ಲಿದೆ. ನಿಮಗೂ ಇಂಥದ್ದೊಂದು ವಿಡಿಯೋ ಬಂದರೆ ಈ ಕ್ರಮದಲ್ಲಿ ಪ್ರಶ್ನೆ ಕೇಳುತ್ತಾ ಹೋಗಿ.

ಹಂತ 1: ಯಾವ ಶುಗರ್ ಬಗ್ಗೆ ಹೇಳುತ್ತಿದ್ದಾರೆ?

ಮೇದೋಜೀರಕ ಗ್ರಂಥಿಯ ಒಳಗೆ ‘ಐಲೆಟ್’ ಎಂಬ ಸಣ್ಣ ಸಣ್ಣ ಗುಂಪುಗಳಿರುತ್ತವೆ. ಅವುಗಳಲ್ಲಿರುವ ಬೀಟಾ ಸೆಲ್‌ಗಳೇ ಇನ್ಸುಲಿನ್ ಮಾಡುವುದು. ಟೈಪ್ 1ರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಪ್ಪಾಗಿ ಇವನ್ನು ಕೊಂದುಹಾಕುತ್ತದೆ. ನಾನು ಮುಂದೆ ಹೇಳುವ ಚಿಕಿತ್ಸೆಗಳೆಲ್ಲ ಈ ಟೈಪ್ 1ಗೆ ಸಂಬಂಧಿಸಿದವು. ಯಾವ ಶುಗರ್ ಆದರೂ ಸರಿ, ಒಂದೇ ಔಷಧಿ ಅಂದರೆ ವಿಡಿಯೋ ಅಲ್ಲಿಗೇ ನಿಲ್ಲಿಸಿ.

ಹಂತ 2: ಸೆಲ್ ಎಲ್ಲಿಂದ ತಂದರು?

ಹಳೆಯ ದಾರಿ, ಮಿದುಳು ನಿಷ್ಕ್ರಿಯವಾದ ದಾನಿಯ ಮೇದೋಜೀರಕದಿಂದ ಐಲೆಟ್ ಬಿಡಿಸಿಕೊಳ್ಳುವುದು. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪೀರೋ ಅವರ ತಂಡ 7 ಜನರಿಗೆ ಹೀಗೆ ಮಾಡಿತು. ಏಳೂ ಜನ ಇನ್ಸುಲಿನ್ ಬಿಟ್ಟರು! ಜಗತ್ತೆಲ್ಲ ಸುದ್ದಿಯಾಯಿತು. ಆದರೆ ಹೆಚ್ಚು ಜನರಿಗೆ ಮಾಡಿ ಐದು ವರ್ಷ ಕಾದು ನೋಡಿದಾಗ, ಇನ್ಸುಲಿನ್ ಇಲ್ಲದೇ ಇದ್ದವರು ಶೇ 10ರಷ್ಟು ಮಾತ್ರ. ಹಾಗಂತ ಎಲ್ಲ ವ್ಯರ್ಥವಾಯಿತು ಅನ್ನಬೇಡಿ. ಬಹಳ ಜನರಲ್ಲಿ ಕಸಿ ಮಾಡಿದ ಸೆಲ್‌ಗಳು ಸ್ವಲ್ಪವಾದರೂ ಕೆಲಸ ಮಾಡುತ್ತಲೇ ಇದ್ದವು, ಶುಗರ್ ಲೋ ಆಗಿ ಬೀಳುವುದು ಕಡಿಮೆಯಾಗಿತ್ತು. ರಾತ್ರಿ 46 ನೋಡಿದವರಿಗೆ ಅದರ ಬೆಲೆ ಗೊತ್ತು.

2023ರ ಜೂನ್‌ನಲ್ಲಿ ಅಮೆರಿಕ ಇಂಥದ್ದೇ ಒಂದು ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಹೆಸರು ಲ್ಯಾಂಟಿಡ್ರಾ. ಪರೀಕ್ಷೆಯಲ್ಲಿದ್ದ 30 ಜನರಲ್ಲಿ 21 ಮಂದಿ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇನ್ಸುಲಿನ್ ಇಲ್ಲದೆ ಇದ್ದರು. ಐದು ಜನರಿಗೆ ಒಂದು ದಿನವೂ ಬಿಡಲಾಗಲಿಲ್ಲ. ಇಲ್ಲಿರುವ ದೊಡ್ಡ ತೊಡಕು ದಾನಿಗಳದ್ದು. ಒಬ್ಬ ರೋಗಿಗೆ ಎಷ್ಟೋ ಸಲ ಇಬ್ಬರು ದಾನಿಗಳ ಐಲೆಟ್ ಬೇಕಾಗುತ್ತದೆ.

ಹೊಸ ದಾರಿ, ಬೇರೆ ಬೇರೆ ಬಗೆಯ ಸೆಲ್ ಆಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ನಿಂದ ಲ್ಯಾಬಿನಲ್ಲೇ ಐಲೆಟ್ ಬೆಳೆಸುವುದು. ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಅವರ ಮಗನಿಗೆ 1991ರಲ್ಲಿ, ಇನ್ನೂ ಕೈಗೂಸಾಗಿದ್ದಾಗ ಟೈಪ್ 1 ಬಂತು. ಅಲ್ಲಿಯವರೆಗೆ ಕಪ್ಪೆಗಳ ಬೆಳವಣಿಗೆ ಮೇಲೆ ಕೆಲಸ ಮಾಡುತ್ತಿದ್ದ ಅಪ್ಪ, ತಮ್ಮ ಸಂಶೋಧನೆಯನ್ನೇ ಬದಲಿಸಿಕೊಂಡರು. ಮುಂದೆ ಮಗಳಿಗೂ ಬಂತು. ಇನ್ಸುಲಿನ್ ಮಾಡುವ ಬೀಟಾ ಸೆಲ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದ್ದೇವೆ ಎಂದು ಅವರ ತಂಡ ಪ್ರಕಟಿಸಿದ್ದು 2014ರಲ್ಲಿ. 23 ವರ್ಷ. ಒಂದು ಲ್ಯಾಬಿನಲ್ಲಿ ಒಬ್ಬ ಅಪ್ಪ ಅಷ್ಟು ವರ್ಷ ಪಟ್ಟುಬಿಡದೆ ಕೂತಿದ್ದರು ಎಂಬುದೇ ನನಗೆ ಎಷ್ಟೋ ಸಲ ಧೈರ್ಯ ಕೊಟ್ಟಿದೆ.

ಆ ಕೆಲಸದಿಂದ ಬೆಳೆದು ಬಂದದ್ದು ವರ್ಟೆಕ್ಸ್ ಕಂಪನಿಯ ‘ಜಿಮಿಸ್ಲೆಸೆಲ್’ ಎಂಬ ಐಲೆಟ್ ಚಿಕಿತ್ಸೆ. 2025ರ ಜೂನ್‌ನಲ್ಲಿ ಅದರ ಫಲಿತಾಂಶ ಬಂತು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಿರಲಿಲ್ಲ.

ಹಂತ 3: ದೇಹದಲ್ಲಿ ಎಲ್ಲಿ ಇಟ್ಟರು?

ಸಾಮಾನ್ಯವಾಗಿ ಲಿವರ್‌ನಲ್ಲಿ. ಹೊಟ್ಟೆಯ ಮೇಲಿಂದ ಸಣ್ಣ ನಳಿಗೆಯನ್ನು ಲಿವರ್‌ಗೆ ಹೋಗುವ ದೊಡ್ಡ ರಕ್ತನಾಳಕ್ಕೆ ತೂರಿಸಿ, ಡ್ರಿಪ್ ಹಾಕಿದ ಹಾಗೆ ಐಲೆಟ್‌ಗಳನ್ನು ಬಿಡುತ್ತಾರೆ. ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಹೊಟ್ಟೆಯ ಸ್ನಾಯು, ಮುಂಗೈ ಸ್ನಾಯುವಿನಲ್ಲಿಯೂ ಈಗ ಪ್ರಯತ್ನ ನಡೆದಿದೆ.

ಹಂತ 4: ಹೊಸ ಸೆಲ್‌ಗಳನ್ನು ಕಾಯುವವರು ಯಾರು?

ವಿಡಿಯೋಗಳು ಹಾರಿಸಿಬಿಡುವ ಭಾಗ ಇದೇ. ಬೇರೆಯವರ ಸೆಲ್ ಬಂದರೆ ದೇಹ ಬಿಡುವುದಿಲ್ಲ. ಜೊತೆಗೆ ಟೈಪ್ 1ರ ಹಳೆಯ ದಾಳಿಯೂ ಮತ್ತೆ ಶುರುವಾಗಬಹುದು. ಅದಕ್ಕೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಬೇಕು, ಕಸಿ ಉಳಿಯಬೇಕು ಅನ್ನುವಷ್ಟು ಕಾಲವೂ ಬೇಕು. ಆ ಮಾತ್ರೆಗಳಿಂದ ಸೋಂಕು, ಕಿಡ್ನಿಗೆ ಪೆಟ್ಟು, ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚುತ್ತದೆ. ವರ್ಟೆಕ್ಸ್ ಪರೀಕ್ಷೆಯಲ್ಲಿದ್ದ 14 ಜನರಲ್ಲಿ ಇಬ್ಬರು ತೀರಿಕೊಂಡರು. ಒಬ್ಬರಿಗೆ ಮಿದುಳಿನ ಪೊರೆಗೆ ಫಂಗಸ್ ಸೋಂಕು ತಗುಲಿತ್ತು. ಇನ್ನೊಬ್ಬರಿಗೆ ಮೊದಲೇ ಇದ್ದ ಮಿದುಳಿನ ತೊಂದರೆ ಉಲ್ಬಣಿಸಿತ್ತು.

ಆದ್ದರಿಂದಲೇ ಶುಗರ್ ಲೋ ಆದರೂ ಗೊತ್ತಾಗದೆ, ಬೇರೆಯವರ ನೆರವು ಬೇಕಾಗುವಷ್ಟು ತೀವ್ರವಾಗಿ ಪದೇ ಪದೇ ಲೋ ಆಗುವಂಥ, 18 ದಾಟಿದವರನ್ನು ಆ ಪರೀಕ್ಷೆಗೆ ತೆಗೆದುಕೊಂಡರು. ಇನ್ಸುಲಿನ್‌ನಿಂದ ಹೇಗೋ ಸಂಭಾಳಿಸಿಕೊಂಡು ಹೋಗುತ್ತಿರುವ ಮಗುವಿಗೆ ಈ ಮಾತ್ರೆಗಳ ಭಾರ ಹೊರಿಸುವುದು ಸರಿಯಲ್ಲ ಅಂತಲೇ ನನಗನ್ನಿಸುತ್ತದೆ.

ಚೀನಾದ ಟಿಯಾಂಜಿನ್ ಸುದ್ದಿಯನ್ನೂ ಹೀಗೇ ಓದಬೇಕು. 25 ವರ್ಷದ ಯುವತಿಯ ಸ್ವಂತ ಕೊಬ್ಬಿನ ಸೆಲ್‌ಗಳಿಂದ ಐಲೆಟ್ ಮಾಡಿ 2023ರಲ್ಲಿ ಕಸಿ ಮಾಡಿದರು. 75 ದಿನಕ್ಕೆ ಇನ್ಸುಲಿನ್ ನಿಂತಿತು. ಅದ್ಭುತ, ಅಲ್ವಾ? ಆದರೆ ಆಕೆಗೆ ಮೊದಲೇ ಲಿವರ್ ಕಸಿಯಾಗಿತ್ತು, ಆ ಮಾತ್ರೆಗಳು ನಡೆಯುತ್ತಲೇ ಇದ್ದವು. ಅವಿಲ್ಲದೆ ಹಳೆಯ ದಾಳಿ ಮರುಕಳಿಸುತ್ತಿತ್ತೋ ಇಲ್ಲವೋ ಎಂಬುದು ಈ ಒಂದು ಪ್ರಕರಣದಿಂದ ತಿಳಿಯುವುದಿಲ್ಲ.

ಮಾತ್ರೆ ತಪ್ಪಿಸಲು ವರ್ಟೆಕ್ಸ್ ಸೆಲ್‌ಗಳನ್ನು ಪುಟ್ಟ ಸಾಧನದೊಳಗೆ ಇಟ್ಟು ನೋಡಿತು. ಸಾಕಷ್ಟು ಇನ್ಸುಲಿನ್ ಬರಲಿಲ್ಲ, 2025ರಲ್ಲಿ ಆ ಪ್ರಯತ್ನ ನಿಂತಿತು. ನಾನು ಆಸೆಯಿಂದ ನೋಡುತ್ತಿರುವುದು ಸ್ವೀಡನ್‌ನ ಉಪ್ಸಾಲಾ ಕಡೆಗೆ. ಅಲ್ಲಿ ದಾನಿಯ ಸೆಲ್‌ಗಳ ಜೀನ್ ತಿದ್ದಿ, ದೇಹದ ಕಾವಲುಗಾರರಿಗೆ ಗುರುತು ಸಿಗದ ಹಾಗೆ ಮಾಡಿದರು. 42 ವರ್ಷದ ಒಬ್ಬರ ಮುಂಗೈಗೆ 17 ಕಡೆ ಚುಚ್ಚಿ ಅವನ್ನು ಇಟ್ಟರು. ಯಾವ ಮಾತ್ರೆಯೂ ಇಲ್ಲದೆ ಆ ಸೆಲ್‌ಗಳು ಉಳಿದು ಇನ್ಸುಲಿನ್ ಮಾಡಿದವು. ಕೊಟ್ಟಿದ್ದು ಬಹಳ ಸಣ್ಣ ಡೋಸ್, ಹಾಗಾಗಿ ಅವರು ಸೂಜಿ ಬಿಟ್ಟಿಲ್ಲ.

ಹಂತ 5: ಸಿ-ಪೆಪ್ಟೈಡ್ ಎಷ್ಟಿದೆ?

ಅವರೆಕಾಯಿ ಸುಲಿದರೆ ಕಾಳಿನ ಜೊತೆ ಸಿಪ್ಪೆ ಬೀಳುತ್ತದೆ. ಅಂಗಡಿಯಿಂದ ಸುಲಿದ ಕಾಳು ತಂದರೆ ಮನೆಯಲ್ಲಿ ಸಿಪ್ಪೆ ಇರುವುದಿಲ್ಲ. ದೇಹ ಇನ್ಸುಲಿನ್ ಮಾಡುವಾಗ ಬೀಳುವ ಆ ಸಿಪ್ಪೆಯೇ ಸಿ-ಪೆಪ್ಟೈಡ್. ನಾವು ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಇದು ಇಲ್ಲ. ಹಾಗಾಗಿ ಒಳಗಡೆ ನಿಜವಾಗಿ ಇನ್ಸುಲಿನ್ ತಯಾರಾಗುತ್ತಿದೆಯೋ ಇಲ್ಲವೋ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ‘ಶುಗರ್ ಕಂಟ್ರೋಲ್‌ಗೆ ಬಂತು’ ಅನ್ನುವವರನ್ನು, ಚಿಕಿತ್ಸೆಗೆ ಮುಂಚೆ ಮತ್ತು ಒಂದು ವರ್ಷದ ನಂತರದ ಸಿ-ಪೆಪ್ಟೈಡ್ ರಿಪೋರ್ಟ್ ಕೇಳಿ.

ಹಂತ 6: ನಮ್ಮ ದೇಶದಲ್ಲಿ ವಿಚಾರಿಸುವುದು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ರೋಗಿಗಳ ಮೇಲೆ ನಡೆಸುವ ಪರೀಕ್ಷೆ, ಅಂದರೆ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಡಯಾಬಿಟಿಸ್‌ಗೂ ಅಷ್ಟೇ. ಟ್ರಯಲ್ ಅಂದರೆ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಅದಕ್ಕೊಂದು ನಂಬರ್ ಇರಲೇಬೇಕು. ಆ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿ ಹುಡುಕಿ. ಯಾವ ಕಾಯಿಲೆ, ಯಾವ ವಯಸ್ಸು, ಎಥಿಕ್ಸ್ ಕಮಿಟಿ ಒಪ್ಪಿಗೆ ಇದೆಯಾ ಅಂತ ನೋಡಿ. ನಂಬರ್ ಇದೆ ಅಂದ ಮಾತ್ರಕ್ಕೆ ಚಿಕಿತ್ಸೆಗೆ ಸರ್ಕಾರದ ಮುದ್ರೆ ಬಿತ್ತು ಅಂತಲ್ಲ, ಇದು ನೆನಪಿರಲಿ. ಟ್ರಯಲ್‌ಗೆ ಸೇರುವವರಿಂದ ಚಿಕಿತ್ಸೆಗೆ ಹಣ ಕೇಳುವಂತೆಯೂ ಇಲ್ಲ.

ಭಾವ ಕಳಿಸಿದ ವಿಡಿಯೋದ ಕೆಳಗಿದ್ದ ನಂಬರಿಗೆ ನಾನು ಫೋನ್ ಮಾಡಿದೆ. ಸಿಟಿಆರ್‌ಐ ನಂಬರ್ ಹೇಳಿ ಅಂದೆ. “ಮೊದಲು ಅಡ್ವಾನ್ಸ್ ಕಟ್ಟಿ ಮೇಡಂ, ಪೇಪರ್ ಎಲ್ಲ ಆಮೇಲೆ ಕೊಡ್ತೀವಿ” ಅಂದರು. ಫೋನ್ ಇಟ್ಟೆ. ಮಗಳಿಗೆ, “ಚಿಕಿತ್ಸೆ ಬರ್ತಾ ಇರೋದು ನಿಜ ಪುಟ್ಟಾ, ಇವರ ಹತ್ತಿರ ಇಲ್ಲ” ಅಂದೆ.

ಹಂತ 7: ಇನ್ಸುಲಿನ್ ನಿಲ್ಲಿಸಬೇಡಿ

ಟ್ರಯಲ್‌ಗಳಲ್ಲೂ ಇನ್ಸುಲಿನ್ ಒಂದೇ ಸಲ ನಿಲ್ಲಿಸುವುದಿಲ್ಲ, ಶುಗರ್ ನೋಡುತ್ತಾ ವೈದ್ಯರು ಇಳಿಸುತ್ತಾ ಬರುತ್ತಾರೆ. ಪುಡಿ, ಕಷಾಯ, ಸೆಲ್ ಥೆರಪಿ ಏನೇ ಇರಲಿ, ಯಾರೋ ಹೇಳಿದರು ಅಂತ ಟೈಪ್ 1 ಇರುವವರು ಸೂಜಿ ಬಿಟ್ಟರೆ ಒಂದೆರಡು ದಿನದಲ್ಲೇ, ಕೆಲವೊಮ್ಮೆ ಅದಕ್ಕೂ ಮುಂಚೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಜೀವಕ್ಕೆ ಅಪಾಯ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ, ಬಾಯಲ್ಲಿ ಹಣ್ಣಿನಂಥ ವಾಸನೆ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಹೋದ ಕೂಡಲೇ ಟೈಪ್ 1 ಅಂತ ಹೇಳಿ, ಕೊನೆಯ ಸಲ ಎಷ್ಟು ಹೊತ್ತಿಗೆ ಎಷ್ಟು ಯೂನಿಟ್ ಹಾಕಿದ್ದಿರಿ ಅನ್ನುವುದನ್ನೂ ತಿಳಿಸಿ.