ಅಡಿಕೆ ಗ್ರೂಪಿನ ಫಾರ್ವರ್ಡ್ ಹಾವಳಿ ನಿಂತಿದ್ದು ಹೇಗೆ: ನನ್ನ ಅನುಭವ

"ನಿನ್ನಿಂದ ಆಗೋದಲ್ಲ ಮಾರಾಯ, ಸುಮ್ನೆ ಅಡ್ಮಿನ್ ಕೆಲಸ ಬಿಡು" ಅಂದವರೇ ಜಾಸ್ತಿ. ಈಗ ಅವರೇ ಫೋನ್ ಮಾಡಿ, ನಮ್ಮೂರಿನ ಗ್ರೂಪಿಗೂ ಹೇಳಿಕೊಡು ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪ್. ಸುಮಾರು 240 ಜನ. ಅಡಿಕೆ ಮರದ ಎಲೆಚುಕ್ಕಿ ರೋಗ ಜೋರಾದ ವರ್ಷ ದಿನಕ್ಕೆ ನಲವತ್ತು ವಿಡಿಯೋ ಬರುತ್ತಿದ್ದವು. ಮೂರು ಸಲ ಈ ದ್ರಾವಣ ಹೊಡೆಯಿರಿ, ರೋಗ ಮಾಯ! ನಂಬಿದ ಹತ್ತು ಹನ್ನೆರಡು ಮನೆಯವರು ಏನಿಲ್ಲವೆಂದರೂ ಲಕ್ಷದ ಹತ್ತಿರ ಕಳೆದುಕೊಂಡರು. ನಮ್ಮ ಚಿಕ್ಕಪ್ಪನದೇ 9 ಸಾವಿರ.

ಮೊದಲು ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿದೆ. ವಾರದೊಳಗೆ ಇನ್ನೊಂದು ಗ್ರೂಪ್ ಹುಟ್ಟಿತು. ಫ್ಯಾಕ್ಟ್‌ಚೆಕ್ ಲಿಂಕ್ ಹಾಕಿದೆ, ಯಾರೂ ಒತ್ತಲಿಲ್ಲ. ಪ್ರೊಜೆಕ್ಟರ್ ಬಾಡಿಗೆಗೆ ತಂದು ತರಬೇತಿ ಇಟ್ಟೆ. ಕಾಫಿ, ಅವಲಕ್ಕಿ ಸೇರಿ ಮೂರೂವರೆ ಸಾವಿರ ಖರ್ಚು. ಬಂದವರು 14 ಜನ, ಅವರೂ ಮೊದಲೇ ಹುಷಾರಿದ್ದವರು.

ದಾರಿ ತೋರಿಸಿದ್ದು ಚಿಕ್ಕಪ್ಪನೇ. ಒಂದು ಮೆಸೇಜಿನ ಮೇಲಿದ್ದ ಜೋಡಿ ಬಾಣ ತೋರಿಸಿ, "ನೋಡು, ಸುಳ್ಳಾಗಿದ್ರೆ ಇಷ್ಟು ಜನ ಕಳಿಸ್ತಿದ್ರೇನೋ?" ಅಂದರು. ಎಷ್ಟೋ ಕೈ ದಾಟಿ ಬಂದಿದೆ, ಜೋಪಾನ ಅಂತ ಹಾಕಿದ ಗುರುತು ಅವರ ಕಣ್ಣಿಗೆ ಐಎಸ್ಐ ಮುದ್ರೆ! ಅವರಿಗೆ ಫೋನ್ ಬಳಸಲು ಬರದೇ ಇರುವುದಲ್ಲ, ತುಂಬಾ ಜನಕ್ಕೆ ಗೊತ್ತಿದೆ ಅಂದರೆ ಅದು ನಿಜ ಅನ್ನುವ ನಂಬಿಕೆಯೇ ಬೇರೂರಿತ್ತು. ಹುಡುಗರದು ಇನ್ನೂ ಕಷ್ಟ. ಬೇಕಾದರೆ ಗೂಗಲ್ ಮಾಡಿದರಾಯಿತು ಅನ್ನುತ್ತಾರೆ, ಮಾಡುವುದೇ ಇಲ್ಲ.

ಹಾಗಾಗಿ ಒಂದೇ ನಿಯಮ ತಂದೆ. ಔಷಧಿ ಅಥವಾ ರೇಟಿನ ಸುದ್ದಿ ಯಾರೇ ಹಾಕಲಿ, ಹಿಂದೆಯೇ ತಮ್ಮದೇ ದನಿಯಲ್ಲಿ ವಾಯ್ಸ್ ಮೆಸೇಜ್ ಹಾಕಬೇಕು: ಯಾರ ತೋಟದ್ದು, ಯಾವಾಗಿನದು, ನೀವು ಕಣ್ಣಾರೆ ನೋಡಿದಿರಾ? ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹದವಾಗಿದೆಯಾ ಅಂತ ಕತ್ತಿ ಅದ್ದಿ ನೋಡದೆ ಮರಕ್ಕೆ ಹೊಡೆಯುತ್ತೀರಾ ಅಂತ ಕೇಳಿದೆ. ಅದು ಎಲ್ಲರಿಗೂ ನಾಟಿತು. ಆದರೂ ಮೊದಲ ತಿಂಗಳು ಜಗಳ, ಒಂಬತ್ತು ಜನ ಎದ್ದು ಹೋದರು. ಮುನಿಸಿಕೊಂಡ ಹಿರಿಯರಿಗೆ ನಾನು ಫೋನಿನಲ್ಲಿ ಹೇಳುವ ಮಾತೊಂದಿದೆ. ಅದನ್ನು ಇಲ್ಲಿ ಬರೆಯಲ್ಲ, ಅವರೂ ಓದುತ್ತಾರೆ.

ಜೊತೆಗೆ ನನ್ನ ತೋಟದಲ್ಲೇ ಇಪ್ಪತ್ತು ಮರಕ್ಕೆ ಆ ವಿಡಿಯೋದ ದ್ರಾವಣ ಹೊಡೆದು, ಪಕ್ಕದ ಇಪ್ಪತ್ತು ಹಾಗೇ ಬಿಟ್ಟೆ. ಹದಿನೈದು ದಿನಕ್ಕೊಮ್ಮೆ ನಿಂತಲ್ಲೇ ನಿಂತು ಫೋಟೋ ತೆಗೆದೆ. ಖರ್ಚು 1,800 ಇರಬೇಕು. ಮೂರು ತಿಂಗಳಾದರೂ ಎರಡೂ ಸಾಲು ಒಂದೇ ಥರ. ಆ ಫೋಟೋಗಳ ಮುಂದೆ ನನ್ನ ತರಬೇತಿ ಏನೂ ಅಲ್ಲ.

ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆ ತರಲು ಕೇಂದ್ರ ಒಪ್ಪಿದ್ದು 2022ರಲ್ಲಿ. ಆ ಸುದ್ದಿ ಆಮೇಲೂ ಇವತ್ತಿನದು ಅನ್ನುವ ಹಾಗೆ ಬರುತ್ತಿತ್ತು, ರೇಟು ಬೀಳುತ್ತದೆ ಅಂತ ಹೆದರಿ ಮಾರಿದವರಿದ್ದಾರೆ. ಹೋದ ವಾರ ಮತ್ತೆ ಬಂತು. ಹಾಕಿದ್ದು ಚಿಕ್ಕಪ್ಪ. ಹಿಂದೆಯೇ ಅವರ ದನಿ: "ಇದು ಯಾವಾಗಿನದು ಅಂತ ನಂಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ, ಅಲ್ಲೀವರೆಗೆ ಯಾರೂ ಮುಂದೆ ಕಳಿಸ್ಬೇಡಿ."